ವಿದ್ಯಾರ್ಥಿ ಮಂಡಳಿಯ ಮತ

ಮುಚ್ಚಿದ ಬಾಗಿಲಾಚೆ ತನ್ನ ಕತೆ ಮುಗಿಸುತ್ತಿದ್ದಾರೆ ಎಂಬುದರಲ್ಲಿ ಇಂದ್ರೇಶನಿಗೆ ಅನುಮಾನವಿರಲಿಲ್ಲ. ಒಳಗಿಂದ ಗಾನವಿಯ ದನಿಯೇ ಜೋರಾಗಿ ಕೇಳುತ್ತಿತ್ತು.

ಪರದೇಶದ ಕ್ರೇಗಿಬರ್ನ್ ಊರಿನ ಆ ಹೈಸ್ಕೂಲಿನಲ್ಲಿ ಗಣಿತದ ಇಬ್ಬರು ಶಿಕ್ಷಕರಿಗೂ 2007ರ ಕೊನೆಗೆ ಗುತ್ತಿಗೆ ಮುಗಿಯುತ್ತಿತ್ತು. ಉಳಿದದ್ದು ಒಂದೇ ಹುದ್ದೆ. ಅದು ಅವನಿಗೋ ಮಂಗಳೂರಿನ ಮಾರ್ಸೆಲಿನ್‌ಗೋ ಎಂದು ಆಯ್ಕೆ ಸಮಿತಿ ಎರಡು ಹೋಳಾಗಿತ್ತು. ವಿದ್ಯಾರ್ಥಿ ಮಂಡಳಿ ಯಾರನ್ನು ಹೇಳುತ್ತದೋ ಅವರಿಗೇ ಕೊಡೋಣ ಎಂದುಬಿಟ್ಟಿದ್ದರು ಪ್ರಿನ್ಸಿಪಾಲರು.

"ಹುಡುಗರ ಕೈಗೆ ಚಾಕು ಕೊಟ್ಟಿದಾರೆ," ಎಂದು ಇಂದ್ರೇಶ್ ಸ್ಟಾಫ್‌ರೂಮಿನಲ್ಲಿ ಗುಡುಗಿದ್ದ. ಆ ಮಾತು ಗಾನವಿಯ ಕಿವಿಗೂ ಬಿದ್ದಿತ್ತು.

ಗಾನವಿ ಹತ್ತನೇ ತರಗತಿಯವಳು, ಮಂಡಳಿಯ ಅಧ್ಯಕ್ಷೆ. ಅವಳಿಗೂ ಇಂದ್ರೇಶನಿಗೂ ವರ್ಷವಿಡೀ ಜಗಳ. ಯಾರೋ ಸಿಗರೇಟು ಸೇದಿದರೆಂದು ಪಾಠದ ಹೊತ್ತಿನಲ್ಲಿ ಶೌಚಾಲಯಗಳಿಗೆ ಬೀಗ ಹಾಕುತ್ತಿದ್ದರು. ತೆಗೆಯಿರಿ ಎಂದು ಕೇಳಲು ಅವಳು ಶಿಕ್ಷಕರ ಸಭೆಗೆ ಬಂದಳು. ಮಾರ್ಸೆಲಿನ್ "ಒಳ್ಳೇ ಐಡಿಯಾ!" ಎಂದು ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು. ಬೀಗ ಮಾತ್ರ ಹಾಗೇ ಇತ್ತು.

ಇಂದ್ರೇಶ್ ಒಬ್ಬನೇ ಎದ್ದು ನಿಂತಿದ್ದ. "ಕಾವಲು ಯಾರು ಕಾಯ್ತಾರೆ? ಗಲೀಜಾದ್ರೆ ಯಾರು ಹೊಣೆ? ಅರ್ಧಂಬರ್ಧ ಯೋಚನೆ ಮಾಡ್ಕೊಂಡು ಬರಬೇಡ."

ಅವಳು ಮತ್ತೆ ಬಂದಳು. ಅವನು ಮತ್ತೆ ಹುಳುಕು ತೆಗೆದ. ಒಮ್ಮೆ ಅವಳ ಕಣ್ಣಲ್ಲಿ ನೀರೇ ಬಂತು, ಆದರೂ ಅವನು ಬಿಡಲಿಲ್ಲ. "ಐ ಹೇಟ್ ಹಿಮ್!" ಎಂದು ಅವಳು ಕಾರಿಡಾರಿನಲ್ಲಿ ಕೂಗಿದ್ದು ಅವನಿಗೇ ಕೇಳಿಸಿತ್ತು. ಕೊನೆಯ ಸಲ ಅವಳು ತಂದ ಯೋಜನೆಯಲ್ಲಿ ತಪ್ಪು ಹುಡುಕಲು ಅವನಿಗೆ ಏನೂ ಸಿಗಲಿಲ್ಲ. ಶೌಚಾಲಯದ ಬಾಗಿಲು ತೆರೆಯಿತು. ಇಂದ್ರೇಶ್ ವಾರವಿಡೀ ಕುದಿದ.

ಈಗ ಪಕ್ಕದ ಕುರ್ಚಿಯಲ್ಲಿ ಮಾರ್ಸೆಲಿನ್ ಮೆಲ್ಲಗೆ ಹೇಳಿದಳು: "ನೀವು ಸಹ ಸ್ವಲ್ಪ ನಗಾಡಿ ಹೂಂ ಹೇಳಬಹುದಿತ್ತು ಮಾರಾಯ್ರೆ. ಮಕ್ಕಳಿಗೆ ಅಷ್ಟೇ ಸಾಕು."

"ನನಗೆ ಬರಲ್ಲ."

ಒಳಗೆ ಮಾತು ನಿಂತಿತು. ಬಾಗಿಲು ತೆರೆದು ಗಾನವಿ ಹೊರಗೆ ಬಂದಳು. ಮುಖ ಗಂಟಿಕ್ಕಿತ್ತು. ಇಂದ್ರೇಶನತ್ತ ತಿರುಗಿಯೂ ನೋಡದೆ ನೇರವಾಗಿ ಮಾರ್ಸೆಲಿನ್ ಎದುರು ನಿಂತಳು.

"ಸಾರಿ, ಮಿಸ್."

ಮಾರ್ಸೆಲಿನ್‌ಳ ನಗು ಅಲ್ಲೇ ನಿಂತಿತು. ಇಂದ್ರೇಶ್ ದಡಕ್ಕನೆ ಎದ್ದ. "ಏನಿದು, ತಮಾಷೆನಾ? ನನ್ನ ಕಂಡ್ರೆ ನಿನಗಾಗಲ್ಲ!"

"ಈಗ್ಲೂ ಆಗಲ್ಲ, ಸರ್," ಎಂದಳು ಗಾನವಿ. "ಆದ್ರೆ ನಾವು ಹೇಳಿದ್ದನ್ನ ಪೂರ್ತಿ ಕೇಳಿಸ್ಕೊಂಡು ಬೈದಿದ್ದು ನೀವೊಬ್ರೇ."