ಉಂಗುರ ಬೆರಳಿನ ಪೆಟ್ಟು

ಸಂಗೀತ ಕಚೇರಿ ಮುಗಿಸಿ ಒಳಕೋಣೆಗೆ ಬಂದ ತಬಲಾವಾದಕ ಮೌನೇಶನ ಹಿಂದೆಯೇ ಒಬ್ಬ ಬಂದು ಬಾಗಿಲ ಚಿಲಕ ಹಾಕಿದ. ಹೆಸರಾಂತ ತಬಲಾ ಗುರುವಿನ ಮಗ ಅವನು. ರೇಡಿಯೊದಲ್ಲಿ ನಾಲ್ಕು ಪೆಟ್ಟು ಕೇಳಿದರೆ ಸಾಕು, ಯಾವ ಘರಾಣೆ, ಯಾರ ಶಿಷ್ಯ ಎಂದು ಹೇಳಿಬಿಡುತ್ತಿದ್ದ. ಮೌನೇಶನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದು, ತಬಲಾ ಶ್ರುತಿ ಮಾಡುವ ಸುತ್ತಿಗೆ ಎತ್ತಿಕೊಂಡ.

“ಕಡೀಕ ನುಡಿಸಿದ್ಯಲ್ಲ, ಆ ರಚನಾ ನಮ್ಮಪ್ಪನ ಗತ್. ಮನಿ ಬಿಟ್ಟು ಹೊರಗ ಎಂದೂ ನುಡಿಸಿಲ್ಲ. ಎಲ್ಲಿ ಕದ್ದಿ?”

ಮೌನೇಶ ಕೈ ಎಳೆದುಕೊಳ್ಳಲು ನೋಡಿದ. ಸುತ್ತಿಗೆ ಕಿರುಬೆರಳಿನ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿತು.

“ನಿಮ್ಮ ಕಿಟಕಿ ಹೊರಗ ನಿಂತು ಕೇಳೀನ್ರಿ,” ಎಂದ ಮೌನೇಶ, ಹಲ್ಲು ಕಚ್ಚಿ. “ಕಳ್ಳ ಅನ್ರಿ, ಕೈ ಮುರೀರಿ.”

“ಕಿಟಕಿ ಹೊರಗ ನಿಂತವಗ ಕಿವೀಗೆ ಬೋಲಿನ ಅಕ್ಷರ ಸಿಗತಾವ, ಬೆರಳು ಕಾಣೂದಿಲ್ಲ. ಅಪ್ಪಗ ನಡುಬೆರಳು ಮಡಚೂದಿಲ್ಲ. ಆ ಬೆರಳಿನ ಪೆಟ್ಟು ಉಂಗುರ ಬೆರಳಿಂದ ಹೊಡೀತಾನ. ನಿನ್ನ ನಡುಬೆರಳು ಚಂದಾಗಿ ಮಡಚತಿದ್ರೂ ನೀ ಹಂಗ ಹೊಡದಿ. ಅಪ್ಪ ನಿನ್ನ ಎದುರಿಗೆ ಕುಂಡ್ರಿಸಿ ಕಲಿಸ್ಯಾನ.”

“ಇಲ್ರಿ. ಕದ್ದದ್ದು ಖರೆ.”

ಸುತ್ತಿಗೆ ಮತ್ತೆ ಮೇಲೆದ್ದು ಅಲ್ಲೇ ನಿಂತಿತು.

“ಹೊಟ್ಟೀಲೆ ಹುಟ್ಟಿದ ಮಗ, ನನಗ ಕಲಿಸಲಿಲ್ಲ,” ಎಂದ ಅವನು ನಿಧಾನವಾಗಿ. “ನಮ್ಮ ಮನ್ಯಾಗ ಆ ಗತ್ ಅಳಿಯಗಷ್ಟ ಬಳುವಳಿ ಕೊಡ್ತಾರ.”

ಮೌನೇಶ ಕಣ್ಣು ಮುಚ್ಚಿದ.

“ಓಡಿಹೋದಾಕೀನ ಕಡೀಬೇಕಂತ ವರ್ಷಾತು ಹುಡಕಾಕತ್ತೀನಿ. ಎಲ್ಲಿಟ್ಟೀ ನನ್ನ ತಂಗೀನ?”