ಬೀಟ್‌ರೂಟ್ ತಂಡದ ಅಂಗಿ

೨೦೧೯ರ ಅಕ್ಟೋಬರ್ ೧೨, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಮಾರ್ಲಿಸ್ ತನ್ನ ಹೊಲಿಗೆ ಅಂಗಡಿಯ ಮೇಜಿನ ಮೇಲೆ ಕಡುಗೆಂಪು ಅಂಗಿಯೊಂದನ್ನು ಹರವಿ, ಆರ್ವಿಡ್ ಲುಂಡೀನ್ ಏನು ಹೇಳುತ್ತಾರೋ ಎಂದು ಕಾಯುತ್ತಿದ್ದಳು. ನೆಬ್ರಾಸ್ಕಾದ ಆ ಊರಿನ ಪುಟ್ಟ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ‘ಬೀಟ್‌ರೂಟ್’ ಎಂಬ ಹೆಸರು ಬಿದ್ದದ್ದು ೧೯೪೮ರ ಒಂದು ಆಟದಲ್ಲಿ. ಅಂದು ಆಡಿದವರಲ್ಲಿ ಈಗ ಉಳಿದಿದ್ದವರು ಆರ್ವಿಡ್ ಒಬ್ಬರೇ. ಅಂದಿನ ಅಂಗಿಯಂತೆಯೇ ಹೊಲಿದ ಇದನ್ನು ತೊಟ್ಟು, ಮಧ್ಯಾಹ್ನ ಆಟದ ಬಿಡುವಿನಲ್ಲಿ ಅವರು ಮೈದಾನಕ್ಕೆ ಇಳಿಯಬೇಕಿತ್ತು. ರಸಾಯನಶಾಸ್ತ್ರ ಓದಿದ್ದ ಮಾರ್ಲಿಸ್ ಎರಡು ವರ್ಷ ಬಣ್ಣಗಳ ಜೊತೆ ಗುದ್ದಾಡಿದ್ದು ಅವರ ಬಾಯಿಂದ “ಹೌದು, ಇದೇ” ಎಂಬ ಮಾತು ಕೇಳುವುದಕ್ಕೆ.

ಆರ್ವಿಡ್ ಕುತ್ತಿಗೆಯ ಅಂಚು ಮುಟ್ಟಿದರು, ತೋಳಿನ ಹೊಲಿಗೆಯನ್ನು ತಿರುಗಿಸಿ ನೋಡಿದರು. ಆಮೇಲೆ ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಬಟ್ಟೆಯನ್ನು ಬಲವಾಗಿ ಉಜ್ಜಿದರು. ಬೆರಳಿಗೆ ಏನೂ ಅಂಟಲಿಲ್ಲ.

“ಬಣ್ಣ ಬಿಡೋದೇ ಇಲ್ವಲ್ಲೇ ಮಾರ್ಲಿಸ್!”

“ಬಿಡಲ್ಲ. ಬಿಸಿನೀರಲ್ಲಿ ಒಗೆದೂ ನೋಡಿದೀನಿ,” ಎಂದಳು ಹೆಮ್ಮೆಯಿಂದ.

“ಹಾಗಾದ್ರೆ ಇದು ನಮ್ದಲ್ಲ. ನಾನು ಹಾಕ್ಕೊಳಲ್ಲ.”

“ಅಪ್ಪಾ, ಶುರು ಮಾಡ್ಬೇಡ,” ಜೊತೆಗೆ ಬಂದಿದ್ದ ಮಗಳು ಕಾರ್ಲಾ ಗದರಿದಳು. “ಅಮ್ಮನ ಕಾಫಿಗೂ ಜೀವನಪೂರ್ತಿ ಹಿಂಗೇ ಕೊಂಕು ತೆಗ್ದೆ.”

“ಅವಳ ಕಾಫಿ ನೀರೇ ಆಗಿತ್ತು ಬಿಡು.”

“ಊರ ಸುತ್ತ ಬೀಟ್‌ರೂಟ್ ಹೊಲ ಇದ್ದಿದ್ರಿಂದ ಆ ಹೆಸರು ಬಂತು ಅಂತ ಕಾಲೇಜಿನವರು…” ಎಂದು ಮಾರ್ಲಿಸ್ ತಡವರಿಸಿದಳು.

“ಹೊಲ ಯಾವ ಊರಿಗಿರ್ಲಿಲ್ಲ? ನಮ್ಮ ಅಂಗಿಗಳ ಪೆಟ್ಟಿಗೆ ಇಲ್ಲಿ ಇಳೀದೆ ರೈಲಲ್ಲೇ ಮುಂದಕ್ಕೆ ಹೋಗ್ಬಿಡ್ತು. ಬೇರೆ ದಾರಿ ಇಲ್ದೆ, ಬಿಳಿ ಬನಿಯನ್‌ಗಳನ್ನ ತರಕಾರಿ ಬೇಯಿಸಿ ಡಬ್ಬಿಗೆ ತುಂಬೋ ಕಾರ್ಖಾನೆಗೆ ಒಯ್ದು ಬೀಟ್‌ರೂಟ್ ಬೇಯಿಸಿದ ನೀರಲ್ಲಿ ಅದ್ದಿದ್ವಿ. ಆಟ ಶುರುವಾಗಿದ್ದೇ ತಡ, ಮಳೆ! ನದಿಯಾಚೆ ಕಾಲೇಜಿನವರು ಬೆಳ್ಳಗೆ ಇಸ್ತ್ರಿ ಹಾಕಿದ ಅಂಗಿಲಿ ಬಂದಿದ್ರು. ನಾವು ಯಾರನ್ನ ಹಿಡಿದು ಕೆಡವಿದ್ರೂ ಅವನು ಕೆಂಪು ಕೆಂಪಾಗಿ ಏಳ್ತಿದ್ದ. ಅವರ ಕಡೆಯೋರು ‘ಬೀಟ್‌ರೂಟ್, ಬೀಟ್‌ರೂಟ್’ ಅಂತ ಕೂಗಿ ಅಣಕಿಸಿದ್ರು. ಹೆಸರು ಹುಟ್ಟಿದ್ದು ಅಲ್ಲಿ.”

“ಮೂವತ್ತೊಂದಕ್ಕೆ ಸೊನ್ನೆಯಲ್ಲಿ ಸೋತಿದ್ದನ್ನೂ ಹೇಳು,” ಎಂದಳು ಕಾರ್ಲಾ.

“ಸೋತ್ವಿ. ಆದ್ರೆ ಅವರಲ್ಲಿ ಒಬ್ಬನೂ ಬಿಳಿ ಅಂಗಿಲಿ ಮನೆಗೆ ಹೋಗ್ಲಿಲ್ಲ.”

ಮಾರ್ಲಿಸ್ ಒಳಗೆ ಹೋಗಿ ಕಪ್ಪು ಚೀಲದಲ್ಲಿ ಸುತ್ತಿಟ್ಟ ಇನ್ನೊಂದು ಅಂಗಿ ತಂದಳು. ಅದು ಅವಳ ಮೊದಲ ಪ್ರಯತ್ನ. ಬರೀ ಬೀಟ್‌ರೂಟ್ ರಸದಲ್ಲಿ ಅದ್ದಿದ್ದು. ಅದೇ ಬಟ್ಟೆಯ ತುಂಡೊಂದನ್ನು ನೀರಿಗೆ ಹಾಕಿ ನೋಡಿದಾಗ ಬಣ್ಣವೆಲ್ಲ ಬಿಟ್ಟುಕೊಂಡಿತ್ತು. ಬೆಳಕಿಗೂ ಅದು ನಿಲ್ಲುವುದಿಲ್ಲವೆಂದು, ಮಾರಲಾಗದ ಆ ಅಂಗಿಯನ್ನು ಕತ್ತಲಲ್ಲಿ ಇಟ್ಟಿದ್ದಳು.

“ಇದು ಕೆಟ್ಟು ಹೋಗಿದ್ದು, ಮಿಸ್ಟರ್ ಲುಂಡೀನ್.”

ಆರ್ವಿಡ್ ಅದನ್ನು ಮೂಸಿ ನೋಡಿದರು. ಕೋಟು ಬಿಚ್ಚಿ ಮಗಳ ಕೈಗೆ ಕೊಟ್ಟರು.

ಮಧ್ಯಾಹ್ನ ತುಂತುರು ಹನಿಯುತ್ತಿತ್ತು. “ಎಂಬತ್ತೊಂಬತ್ತು ವರ್ಷದೋನಿಗೆ ನೆಗಡಿ ಆದ್ರೆ ನೋಡ್ಕೊಳೋಳು ನಾನು,” ಎಂದು ಗೊಣಗುತ್ತ ಕಾರ್ಲಾ ಕೊಡೆ ಹಿಡಿದು ಆರ್ವಿಡ್‌ರ ಹಿಂದೆ ಹೋದಳು. ಅವರು ಅದರ ಅಡಿಗೆ ಬರಲೇ ಇಲ್ಲ. ಮೈದಾನದ ನಡುವೆ ನಿಂತು ಎರಡೂ ಕೈ ಎತ್ತಿದಾಗ, ಪ್ಯಾಂಟಿನ ಮೇಲೆ ಕೆಂಪು ಇಳಿಯುತ್ತಿತ್ತು. ಮೆಟ್ಟಿಲುಗಳ ಮೇಲಿದ್ದ ಜನ ಎದ್ದು ನಿಂತು “ಬೀಟ್‌ರೂಟ್! ಬೀಟ್‌ರೂಟ್!” ಎಂದು ಕೂಗಿದರು.

ಮೈದಾನದ ಗೆರೆಯಾಚೆ ಬಿಳಿ ಅಂಗಿಯಲ್ಲಿ ನಿಂತಿದ್ದ ಮಾರ್ಲಿಸ್‌ಳ ಬಳಿ ಬಂದು ಆರ್ವಿಡ್ ಅಂಗೈಯನ್ನು ತಮ್ಮ ಎದೆಗೆ ಒತ್ತಿ ತೆಗೆದು ನೋಡಿದರು.

“ಹೌದು, ಇದೇ,” ಎಂದು ಅದೇ ಕೈಯಿಂದ ಅವಳ ಬೆನ್ನು ತಟ್ಟಿದರು.

ಸಂಜೆ ಅಂಗಡಿಯಲ್ಲಿ ಮಾರ್ಲಿಸ್ ತನ್ನ ಬಿಳಿ ಅಂಗಿಯನ್ನು ಮೇಜಿನ ಮೇಲೆ ಬೆನ್ನು ಮೇಲಾಗಿ ಹರವಿದಳು. ಆರ್ವಿಡ್‌ರ ಅಂಗೈ, ಐದೂ ಬೆರಳು ಕೆಂಪಗೆ ಸ್ಪಷ್ಟವಾಗಿ ಮೂಡಿದ್ದವು. ಅಭ್ಯಾಸಬಲದಿಂದ ಟೇಪು ಹಿಡಿದಳು. ಮಣಿಕಟ್ಟಿನಿಂದ ನಡುಬೆರಳ ತುದಿಗೆ ಏಳೂಕಾಲು ಇಂಚು.