ಗುರುಕಿರಣನ ಬಾರ್ಸಿಲೋನಾ

ನಕ್ಷೆಯ ಮೇಲೆ ಅರಿಶಿನದ ಬೆರಳ ಗುರುತು ಬಿದ್ದಿತ್ತು.

ಲಾಸ್ಯಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆಫೀಸಿನ ಪ್ರಿಂಟರಿನಲ್ಲಿ ಕದ್ದು ತೆಗೆದ ಬಾರ್ಸಿಲೋನಾ ನಗರದ ನಕ್ಷೆ. ಯಾರ ಕಣ್ಣಿಗೂ ಬೀಳಬಾರದೆಂದು ಮಗಳು ಕಾವ್ಯಾಳ ಡೈಪರ್ ಡಬ್ಬದ ತಳದಲ್ಲಿ ಬಚ್ಚಿಟ್ಟಿದ್ದಳು. ಆ ಡಬ್ಬಕ್ಕೆ ದಿನಕ್ಕೆ ಆರು ಸಲ ಕೈ ಹಾಕುವವರು ಯಾರು ಎಂಬುದು ಮಾತ್ರ ಜಾಣೆಗೆ ಹೊಳೆದಿರಲಿಲ್ಲ.

ಅತ್ತೆ ನೋಡಿದ್ದರು!

ಅದು ತೊಂಬತ್ತೊಂಬತ್ತರ ಆಗಸ್ಟ್. ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನಲ್ಲಿ ಎಲ್ಲರ ಕಂಪನಿಗಳೂ ಇನ್ನೇನು ಷೇರು ಬಿಡುವುದರಲ್ಲಿದ್ದವು. ರಜೆ ಎಂದವರನ್ನು ಹುಚ್ಚರಂತೆ ನೋಡುತ್ತಿದ್ದರು. ಕಾವ್ಯಾ ಹುಟ್ಟಿ ಒಂದೂವರೆ ವರ್ಷವಾಗಿತ್ತು. ಅಂದಿನಿಂದ ಲಾಸ್ಯಾ ಒಂದು ಊಟವನ್ನೂ ಬಿಸಿಯಾಗಿ ಮುಗಿಸಿರಲಿಲ್ಲ. ಅವಳೂ ಗಂಡ ತೇಜಸ್ವಿಯೂ ಗೋಗರೆದು ಐದು ದಿನದ ರಜೆ ಗಿಟ್ಟಿಸಿದ್ದರು. ಮುಂದಿನ ಗುರುವಾರ ವಿಮಾನ. ಇಬ್ಬರೇ. ಆ ಐದು ದಿನಕ್ಕಾಗಿ ಅವಳ ಜೀವ ಬಾಯಿ ಬಾಯಿ ಬಿಡುತ್ತಿತ್ತು.

ಮಗು? ಮಗುವಿಗೆ ಗೌರಮ್ಮ ಇದ್ದರಲ್ಲ. ಮಂಡ್ಯದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗೋಡೆಯ ನಕ್ಷೆಗೆ ಕೋಲು ತೋರಿಸಿ ಭೂಗೋಳ ಕಲಿಸಿದ ಅತ್ತೆ ಬಂದು ಐದು ತಿಂಗಳು. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಕಾವ್ಯಾ ಅವರ ಸೊಂಟದ ಮೇಲೆ. ಮಗ-ಸೊಸೆ ಅವರನ್ನು ಹೊರಗೆ ಕರೆದುಕೊಂಡು ಹೋದದ್ದು ಒಂದೇ ಸಲ, ಗಿಲ್‌ರಾಯ್‌ನ ರಿಯಾಯಿತಿ ಅಂಗಡಿಗಳಿಗೆ. ಅಲ್ಲಿ ಅವರು ಒಂದು ಜೊತೆ ನಡೆಯುವ ಬೂಟು ಕೊಂಡಿದ್ದರು.

ಮುಂಚೆಯೇ ಹೇಳಿದರೆ ಅತ್ತೆ ತಕರಾರು ತೆಗೆಯುತ್ತಾರೆಂದು ಲಾಸ್ಯಾ ಒಂದು ಉಪಾಯ ಹೂಡಿದ್ದಳು. ಭಾನುವಾರ ಒಬ್ಬಟ್ಟು ಮಾಡಿ, ತಿನ್ನಿಸಿ, ಆಮೇಲೆ ಹೇಳುವುದು. ಅಲ್ಲಿಯತನಕ ಸ್ಪೇನಿಗೆ ಹೊರಟಿರುವವನು ಆಫೀಸಿನ ಗುರುಕಿರಣ. ಅವನು ಎಲ್ಲಿ ಉಳಿಯಬೇಕೆಂದು ಇವರು ಹುಡುಕಿಕೊಡುತ್ತಿದ್ದಾರೆ, ಅಷ್ಟೇ.

"ಎಲ್ಲಿ ಇಳ್ಕೊಳ್ತಾನಂತೆ ಗುರುಕಿರಣ?" ಆ ಸಂಜೆ ಗೌರಮ್ಮ ಕೇಳಿದರು. ಕಂಪ್ಯೂಟರಿನ ಪರದೆಯ ಮೇಲೆ ಹೋಟೆಲಿನ ಚಿತ್ರ ಗೆರೆ ಗೆರೆಯಾಗಿ ಇಳಿಯುತ್ತಿತ್ತು.

"ಹಳೇ ಪೇಟೇಲಿ ಅತ್ತೆ. ಗೋಥಿಕ್ ಅಂತ. ಕಲ್ಲಿನ ಓಣಿಗಳು, ತುಂಬಾ ರೊಮ್ಯಾಂಟಿಕ್ಕು."

"ಜೇಬುಗಳ್ಳರು ಜಾಸ್ತಿಯಂತೆ ಕಣವ್ವ. ಹಳೇ ಮನೆಗಳು, ಲಿಫ್ಟೂ ಇರಲ್ಲ. ರಹಮತ್ ಬೀ ಮಗ ಹೇಳ್ತಿದ್ದ."

ರಹಮತ್ ಬೀ ಪಕ್ಕದ ಬ್ಲಾಕಿನವರು, ಮೈಸೂರಿನವರು, ಇವರಂತೆಯೇ ಮೊಮ್ಮಗುವಿನ ಕಾವಲಿಗೆ ಬಂದವರು. ಮಗ ಮುಜಮ್ಮಿಲ್ ವಿಮಾನದ ಟಿಕೆಟ್ ಮಾರುತ್ತಿದ್ದ. ಸಂಜೆ ಇಬ್ಬರು ಅಜ್ಜಿಯರೂ ಮಕ್ಕಳ ಗಾಡಿ ತಳ್ಳಿಕೊಂಡು ಪಾರ್ಕಿನಲ್ಲಿ ಮೂರು ಸುತ್ತು ಹಾಕುತ್ತಿದ್ದರು.

ಮರುದಿನ ಲಾಸ್ಯಾ ಸಮುದ್ರದ ದಡದ ಬಡಾವಣೆ ಎಂದಳು.

"ರಾತ್ರಿಯೆಲ್ಲ ಕುಡುಕರ ಗಲಾಟೆ. ಗುರುಕಿರಣ ನಿದ್ದೆ ಮಾಡೋದು ಬೇಡ್ವಾ? ಗ್ರಾಸಿಯಾ ಅಂತ ಬಡಾವಣೆ ಇದೆಯಂತೆ, ಅಲ್ಲಿ ನೋಡು. ಚಿಕ್ಕ ಚಿಕ್ಕ ಚೌಕ, ಬೆಂಚು, ಸಂಜೆ ಹೊತ್ತು ವಯಸ್ಸಾದವರೆಲ್ಲ ಬಂದು ಕೂತಿರ್ತಾರೆ." ಗೌರಮ್ಮ ರೊಟ್ಟಿ ಮಗುಚಿದರು. "ಮಂಚ ಒಂದಾ, ಎರಡಾ?"

"ಅವನು ಒಬ್ಬನೇ ಹೋಗ್ತಿರೋದು ಅತ್ತೆ."

"ಪಾಪ. ಆದ್ರೂ ಎರಡಿರೋ ರೂಮೇ ನೋಡು."

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಲಾಸ್ಯಾ ಗಂಡನನ್ನು ಬಾತ್‌ರೂಮಿಗೆ ಎಳೆದು ನಲ್ಲಿ ತಿರುಗಿಸಿದಳು.

"ತೇಜು, ನಿಮ್ಮಮ್ಮ ನಮ್ಜೊತೆ ಬರೋ ಪ್ಲ್ಯಾನಲ್ಲಿದಾರೆ! ಎರಡು ಮಂಚ ಅಂತೆ!"

ತೇಜಸ್ವಿಯ ಮುಖ ಬಿಳಿಚಿತು. "ಹೋದ ತಿಂಗಳು ತಮ್ಮ ಪಾಸ್‌ಪೋರ್ಟು ಇಸ್ಕೊಂಡ್ರು. ನನ್ಹತ್ರಾನೇ ಇರ್ಲಿ ಅಂತ."

"ಮುಜಮ್ಮಿಲ್ ಕಾರಲ್ಲಿ ಎರಡು ಸಲ ಸ್ಯಾನ್ ಫ್ರಾನ್ಸಿಸ್ಕೋಗೂ ಹೋಗಿ ಬಂದ್ರು. ಏನು ನೋಡಿದ್ರಿ ಅಂದ್ರೆ, ಕ್ಯೂ ನೋಡಿದ್ವಿ ಅಂದ್ರು! ವೀಸಾ ಕ್ಯೂನೇ ಇರ್ಬೇಕು!"

ಇಬ್ಬರಿಗೂ ವಿಮಾನದ ನಡುವಿನ ಸೀಟಿನಲ್ಲಿ ಗೌರಮ್ಮ ಕೂತಂತೆಯೇ ಕಂಡಿತು. ಆದರೆ ಲಾಸ್ಯಾ ಸೋಲುವ ಪೈಕಿಯಲ್ಲ. ಅತ್ತೆ ಚಾಪೆ ಕೆಳಗೆ ತೂರಿದರೆ ತಾನು ರಂಗೋಲಿ ಕೆಳಗೆ ತೂರುವವಳು. ಮರುದಿನವೇ ಗ್ರಾಸಿಯಾದಲ್ಲಿ, ಲಿಫ್ಟ್ ಇರುವ ಹೋಟೆಲಿನಲ್ಲಿ ಕೋಣೆ ಹಿಡಿದಳು. ತಮ್ಮ ಮಾತು ನಡೆಯಿತಲ್ಲ ಎಂಬ ಸಂತೋಷಕ್ಕೆ ಅತ್ತೆ ಭಾನುವಾರ ಮಗುವನ್ನು ತಾವಾಗಿಯೇ ಒಪ್ಪಿಕೊಳ್ಳುತ್ತಾರೆ, ಜೊತೆಗೆ ಬರುವ ಮಾತೆತ್ತುವುದಿಲ್ಲ ಎಂಬುದು ಅವಳ ಲೆಕ್ಕ.

ಶುಕ್ರವಾರ ಅವಳು ಹೋಟೆಲಿನ ಹೆಸರು ಹೇಳಿದಳು. ಗೌರಮ್ಮ ಅದನ್ನು ಎರಡು ಸಲ ಹೇಳಿಸಿಕೊಂಡರು.

"ಒಳ್ಳೇ ಕೆಲಸ ಮಾಡ್ದೆ ಕಣವ್ವ. ಮನಸ್ಸಿಗೆ ನೆಮ್ಮದಿಯಾಯ್ತು."

ಅತ್ತೆಯ ಕಣ್ಣಲ್ಲಿ ಅಂಥ ಖುಷಿಯನ್ನು ಲಾಸ್ಯಾ ಈ ಐದು ತಿಂಗಳಲ್ಲಿ ಕಂಡಿರಲಿಲ್ಲ. ಎಲ್ಲೋ ಒಂದು ಕಡೆ ಚುರುಕ್ ಎಂದಿತು. ಆದರೂ ಕೂತು ಪಟ್ಟಿ ಬರೆದಳು: ಏಳಕ್ಕೆ ಹಾಲು, ಹತ್ತೂವರೆಗೆ ರಾಗಿ ಸರಿ, ಒಂದಕ್ಕೆ ನಿದ್ದೆ, ಐದು ದಿನ ಹೀಗೇ. ಮೇಲೆ ದಪ್ಪಕ್ಷರದಲ್ಲಿ 'ಅತ್ತೆಯವರ ಗಮನಕ್ಕೆ' ಎಂದು ಬರೆದು, ಭಾನುವಾರಕ್ಕೆಂದು ತೆಗೆದಿಟ್ಟಳು. ಎಲ್ಲಿ? ಹಳೆಯ ಚಾಳಿ, ಡೈಪರ್ ಡಬ್ಬದ ತಳದಲ್ಲೇ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಕಾವ್ಯಾಳ ಅಳುವಿಗೆ ಲಾಸ್ಯಾಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ಕಾಫಿಯ ವಾಸನೆಯಿಲ್ಲ. ಬಾಗಿಲ ಬಳಿ ಗಿಲ್‌ರಾಯ್‌ನ ಬೂಟುಗಳಿಲ್ಲ. ಅತ್ತೆಯ ಹಾಸಿಗೆ ಮಡಿಸಿಟ್ಟಿತ್ತು.

ಫ್ರಿಜ್ಜಿನ ಮೇಲೆ ಅವಳದೇ ಪಟ್ಟಿ ಅಂಟಿತ್ತು. ಅದರ ಮೇಲೆ ಮೇಷ್ಟ್ರಮ್ಮನ ಕೆಂಪು ಶಾಯಿ ಆಡಿತ್ತು. 'ಅತ್ತೆಯವರ' ಎಂಬುದನ್ನು ಹೊಡೆದುಹಾಕಿ 'ಸೊಸೆಯ' ಎಂದು ತಿದ್ದಿತ್ತು. ಶನಿವಾರದ ಎಣ್ಣೆನೀರು ಬಿಟ್ಟುಹೋಗಿದೆ ಎಂದು ಪಕ್ಕದಲ್ಲಿ ಬರೆದು, ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿತ್ತು. ಕೆಳಗೆ ದುಂಡನೆಯ ಅಕ್ಷರದಲ್ಲಿ ನಾಲ್ಕು ಸಾಲು:

'ನಾನೂ ರಹಮತ್ ಬೀಯೂ ಬೆಳಗಿನ ವಿಮಾನದಲ್ಲಿ ಬಾರ್ಸಿಲೋನಾಕ್ಕೆ ಹೊರಟೆವು, ನೀನು ಹೇಳಿದ ಹೋಟೆಲಿನಲ್ಲೇ ಇಳಿಯುತ್ತೇವೆ. ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ, ಅದಕ್ಕೇ ನಾವೂ ಹೇಳಲಿಲ್ಲ. ಬುಧವಾರ ಸಂಜೆ ಬಂದು ಮಗುವನ್ನು ನೋಡಿಕೊಳ್ಳುತ್ತೇನೆ. ಗ್ರಾಸಿಯಾ ಹೇಗಿದೆಯೆಂದು ಆಗಲೇ ತಿಳಿಸುತ್ತೇನೆ ಎಂದು ಗುರುಕಿರಣನಿಗೆ ಹೇಳು.'